ತಾಳ ಬಲ್ಲವರಿಗೆ ಕತ್ತಲು ಅಡ್ಡಿಯಲ್ಲ

ಸುಗ್ಗಿ ಮುಗಿದು ಕಣ ಖಾಲಿಯಾಗುತ್ತಿದ್ದಂತೆ ಮಂಡ್ಯ ಸೀಮೆಯ ರಾತ್ರಿಗಳಿಗೆ ಕಳೆ ಬರುತ್ತದೆ. ಒಂದೂರಲ್ಲಿ ಮಾರಿಹಬ್ಬ, ಪಕ್ಕದೂರಲ್ಲಿ ಕೊಂಡ, ಅದರಾಚೆಯ ಊರಲ್ಲಿ ಬೆಳಗಿನ ಜಾವದವರೆಗೆ ‘ಕುರುಕ್ಷೇತ್ರ’. ಮಳವಳ್ಳಿಯಲ್ಲಿ ಪಟ್ಟಲದಮ್ಮನ ಸಿಡಿ ಹಬ್ಬ, ಮದ್ದೂರಿನಲ್ಲಿ ಮದ್ದೂರಮ್ಮನ ಹಬ್ಬ, ಮೇಲುಕೋಟೆಯಲ್ಲಿ ವೈರಮುಡಿ. ಇವುಗಳಲ್ಲಿ ನೋಡಲೇಬೇಕಾದದ್ದು ಬಹುಪಾಲು ನಡೆಯುವುದು ಬಯಲಿನಲ್ಲಿ, ಹೊತ್ತು ಮುಳುಗಿದ ಮೇಲೆ. ಹೀಗಾಗಿ ಇವುಗಳ ಫೋಟೋ ತೆಗೆಯಲು ಹೊರಟವರೆಲ್ಲರ ದೂರೂ ಒಂದೇ: ಬೆಳಕು ಸಾಲದು. ದೂರಿಗೆ ಸಿಗುವ ಉತ್ತರವೂ ಒಂದೇ: ಇನ್ನೂ ಒಳ್ಳೆಯ ಕ್ಯಾಮೆರಾ ಕೊಳ್ಳಿ, ಇನ್ನೂ ದೊಡ್ಡ ಲೆನ್ಸ್ ಹಾಕಿ, ಆಗದಿದ್ದರೆ ಫ್ಲ್ಯಾಶ್ ಹೊಡೆಯಿರಿ. ಈ ಉತ್ತರದಲ್ಲಿ ಅರ್ಧ ನಿಜವಿದೆ. ಉಳಿದರ್ಧ ಅಂಗಡಿಯಲ್ಲಿ ಸಿಗುವಂಥದ್ದಲ್ಲ. ರಾತ್ರಿಯ ಪ್ರದರ್ಶನದ ಫೋಟೋ ಕೆಡುವುದು ಬೆಳಕು ಕಡಿಮೆಯಾಗಿ ಅನ್ನುವುದಕ್ಕಿಂತ, ಆ ಕಡಿಮೆ ಬೆಳಕಿಗೆ ಬೇಕಾದಷ್ಟು ಹೊತ್ತು ಕಲಾವಿದ ಯಾವಾಗ ನಿಲ್ಲುತ್ತಾನೆ ಎಂಬುದು ತೆಗೆಯುವವರಿಗೆ ಗೊತ್ತಿಲ್ಲದೆ. ಕುಣಿತದ ತಾಳ, ಪದದ ಮಟ್ಟು, ಪಾತ್ರದ ನಡೆ ಬಲ್ಲವರು ಸಾಧಾರಣ ಕ್ಯಾಮೆರಾದಲ್ಲೂ ಗೆಲ್ಲುತ್ತಾರೆ. ಅದನ್ನು ಅರಿಯದವರು ಲಕ್ಷಗಟ್ಟಲೆ ಸುರಿದೂ ಮಸುಕು ಚಿತ್ರ ಹೊತ್ತು ಮನೆಗೆ ಬರುತ್ತಾರೆ.

ಎಷ್ಟು ಕತ್ತಲು?

ಮೊದಲು ಕತ್ತಲನ್ನೇ ಅಳೆದುಕೊಳ್ಳೋಣ. ಬೆಳಕಿನ ಅಳತೆಗೆ ಲಕ್ಸ್ ಎನ್ನುತ್ತಾರೆ. ನೆತ್ತಿಯ ಬಿಸಿಲು ಸುಮಾರು 1 ಲಕ್ಷ ಲಕ್ಸ್. ಹಳ್ಳಿಯ ನಾಟಕದ ಸ್ಟೇಜಿನಲ್ಲಿ ನಾಲ್ಕಾರು ಫೋಕಸ್ ಲೈಟು ಹಾಕಿ, ಪಾತ್ರಧಾರಿಯ ಮುಖದ ಮೇಲೆ 200 ಲಕ್ಸ್ ಬೀಳುತ್ತಿದೆ ಎಂದುಕೊಂಡರೆ, ಅದು ಬಿಸಿಲಿನ 500ರಲ್ಲಿ ಒಂದು ಪಾಲು. ಪಂಜಿನ ಬೆಳಕಿನ ಮೆರವಣಿಗೆಯಲ್ಲಿ 20 ಲಕ್ಸ್ ಎಂದರೆ 5,000ದಲ್ಲಿ ಒಂದು ಪಾಲು. ಹುಣ್ಣಿಮೆಯ ಬೆಳದಿಂಗಳಂತೂ ಹೆಚ್ಚೆಂದರೆ ಕಾಲು ಲಕ್ಸ್. ನಮ್ಮ ಕಣ್ಣು ಇದಕ್ಕೆಲ್ಲ ಒಗ್ಗಿಕೊಳ್ಳುವುದರಿಂದ ಸ್ಟೇಜು ಝಗಝಗಿಸುವಂತೆಯೇ ಕಾಣುತ್ತದೆ. ಕ್ಯಾಮೆರಾಕ್ಕೆ ಆ ಸಲುಗೆಯಿಲ್ಲ. ಅದಕ್ಕಿರುವುದು ಮೂರೇ ದಾರಿ. ಒಂದು, ಲೆನ್ಸಿನ ಬಾಯಿ ಅಗಲಿಸುವುದು, ಅಂದರೆ ಅಪರ್ಚರ್. ಎರಡು, ಸೆನ್ಸರಿನ ಮೇಲೆ ಬಿದ್ದ ಬೆಳಕನ್ನು ಹಿಗ್ಗಿಸುವುದು, ಅಂದರೆ ಐಎಸ್‌ಒ. ಮೂರು, ಶಟರನ್ನು ಹೆಚ್ಚು ಹೊತ್ತು ತೆರೆದಿಡುವುದು. ಕ್ಯಾಮೆರಾ ಜೊತೆಗೇ ಬರುವ ಜೂಮ್ ಲೆನ್ಸ್, ಅಂದರೆ ಕಿಟ್ ಲೆನ್ಸ್, ಉದ್ದಕ್ಕೆ ಚಾಚಿದಾಗ ಎಫ್ 5.6ಕ್ಕಿಂತ ಅಗಲ ತೆರೆಯುವುದಿಲ್ಲ. ಎಫ್ 2.8ರ ಲೆನ್ಸ್ ಅದರ ನಾಲ್ಕರಷ್ಟು ಬೆಳಕನ್ನು ಒಳಗೆ ಬಿಡುತ್ತದೆ. ಕಡಿಮೆ ಬೆಲೆಗೇ ಸಿಗುವ ಎಫ್ 1.8ರ 50 ಮಿ.ಮೀ. ಲೆನ್ಸ್ ಸುಮಾರು ಹತ್ತರಷ್ಟು. ಐಎಸ್‌ಒ 3200 ಇಟ್ಟು ಆ 200 ಲಕ್ಸಿನ ಸ್ಟೇಜಿಗೆ ಲೆಕ್ಕ ಹಾಕಿದರೆ ಎಫ್ 2.8ರಲ್ಲಿ ಶಟರ್ ವೇಗ 1/250 ಸೆಕೆಂಡ್, ಎಫ್ 5.6ರಲ್ಲಿ 1/60. ಪಂಜಿನ ಬೆಳಕಿಗೆ ಹೋದರೆ ಎಫ್ 2.8ರ ಲೆನ್ಸ್ ಕೂಡ 1/30ರ ಹತ್ತಿರಕ್ಕೆ ಇಳಿಯುತ್ತದೆ.

ಈ ಮೂರು ದಾರಿಗಳಲ್ಲಿ ಮೊದಲೆರಡನ್ನು ದುಡ್ಡು ಕೊಟ್ಟು ಅಗಲಿಸಿಕೊಳ್ಳಬಹುದು, ನಿಜ. ಆದರೆ ಅದಕ್ಕೂ ಒಂದು ಮಿತಿಯಿದೆ. ಅಪರ್ಚರ್ ಅಗಲವಾದಷ್ಟೂ ಫೋಕಸಿನ ಆಳ ಕಡಿಮೆಯಾಗಿ ಕೃಷ್ಣನ ಕಣ್ಣು ಸ್ಪಷ್ಟವಿದ್ದರೆ ಅವನ ಹಿಂದೆ ನಿಂತ ಅರ್ಜುನ ಮಸುಕಾಗುತ್ತಾನೆ. ಐಎಸ್‌ಒ ಏರಿಸಿದಷ್ಟೂ ಚಿತ್ರದಲ್ಲಿ ನುಚ್ಚು ಚೆಲ್ಲಿದ ಹಾಗೆ ಕಾಳುಕಾಳು ಕಾಣಿಸಿಕೊಳ್ಳುತ್ತದೆ. ಆ ಕಾಳು ಹುಟ್ಟುವುದು ಮುಖ್ಯವಾಗಿ ಬೆಳಕಿನ ಬಡತನದಿಂದಲೇ. ಬೆಳಕು ನಾಲ್ಕು ಪಟ್ಟಾದರೆ ಕಾಳಿನ ಕಾಟ ಅರ್ಧಕ್ಕಿಳಿಯುತ್ತದೆ. ಇಲ್ಲಿ ಇತಿಹಾಸವೂ ಒಂದು ಸಾಕ್ಷಿ ಹೇಳುತ್ತದೆ. ಕೊಡಕ್ ಕಂಪನಿ 35 ಮಿ.ಮೀ. ಕ್ಯಾಮೆರಾಗಳಿಗೆ ಟ್ರೈ–ಎಕ್ಸ್ ಫಿಲ್ಮನ್ನು ಹೊರತಂದದ್ದು 1954ರಲ್ಲಿ. 400ರ ವೇಗದ ಆ ಕಪ್ಪು ಬಿಳುಪು ಫಿಲ್ಮೇ ಬಹುಕಾಲ ರಾತ್ರಿ ಚಿತ್ರಕಾರರ ಆಸ್ತಿಯಾಗಿತ್ತು. ಇವತ್ತಿನ ಮಧ್ಯಮ ದರ್ಜೆಯ ಕ್ಯಾಮೆರಾ 6400ರಲ್ಲಿ ನಿರಾಳವಾಗಿ ಕೆಲಸ ಮಾಡುತ್ತದೆ, ಅಂದರೆ 16 ಪಟ್ಟು ಹೆಚ್ಚು ಚುರುಕು. ಸ್ಟೇಜಿನ ಬೆಳಕೂ ಗ್ಯಾಸ್‌ಲೈಟಿನಿಂದ ಎಲ್‌ಇಡಿಗೆ ಬಂದಿದೆ. ಕೊರತೆ ಬರೀ ಬೆಳಕಿನದಾಗಿದ್ದರೆ ಇಷ್ಟು ಹೊತ್ತಿಗೆ ಅದು ತೀರಿಹೋಗಬೇಕಿತ್ತು. ಆದರೂ ಹಬ್ಬದ ಮಾರನೆಯ ದಿನ ವಾಟ್ಸ್‌ಆ್ಯಪ್ ಗುಂಪುಗಳಿಗೆ ಬಂದು ಬೀಳುವ ಚಿತ್ರಗಳಲ್ಲಿ ಅಲುಗಿದ ಕೈ, ಕಲಸಿದ ಮುಖ, ಬಿಳಿಚಿಕೊಂಡ ಕಿರೀಟ ಹಾಗೆಯೇ ಇವೆ. ಹಾಗಾದರೆ ಕೊರತೆ ಬೇರೆಡೆ ಇರಬೇಕು.

ಅದು ಮೂರನೆಯ ದಾರಿಯಲ್ಲಿದೆ, ಕಾಲದಲ್ಲಿ. ಸೆಕೆಂಡಿಗೆ ಎರಡು ಮೀಟರ್ ವೇಗದಲ್ಲಿ ಬೀಸುವ ಕೈ 1/60 ಸೆಕೆಂಡಿನಲ್ಲಿ ಮೂರು ಸೆಂಟಿಮೀಟರಿಗಿಂತ ಹೆಚ್ಚು ಸರಿದಿರುತ್ತದೆ. 1/15ರಲ್ಲಾದರೆ ಅರ್ಧ ಗೇಣಿಗಿಂತ ಹೆಚ್ಚು. ಲೆನ್ಸಿನಲ್ಲೋ ಕ್ಯಾಮೆರಾದಲ್ಲೋ ಇರುವ ಅಲುಗಾಟ ತಡೆಯುವ ವ್ಯವಸ್ಥೆ ಇದಕ್ಕೆ ಮದ್ದಲ್ಲ. ಅದು ತಡೆಯುವುದು ಹಿಡಿದವರ ಕೈ ನಡುಕವನ್ನು, ಕುಣಿಯುವವನ ಕಾಲನ್ನಲ್ಲ. ಟ್ರೈಪಾಡಿನ ಕತೆಯೂ ಅಷ್ಟೇ. ಆದ್ದರಿಂದ ಬಯಲು ಪ್ರದರ್ಶನದಲ್ಲಿ ಕೇಳಿಕೊಳ್ಳಬೇಕಾದ ಪ್ರಶ್ನೆ, ಈ ಕಲಾವಿದ 1/60 ಸೆಕೆಂಡಿನಷ್ಟು ಹೊತ್ತು ಎಲ್ಲಿ, ಯಾವಾಗ ಸ್ಥಿರವಾಗಿರುತ್ತಾನೆ ಎನ್ನುವುದು. ಈ ಪ್ರಶ್ನೆಗೆ ಕ್ಯಾಮೆರಾದ ಕೈಪಿಡಿಯಲ್ಲಿ ಉತ್ತರವಿಲ್ಲ, ಕಲೆಯೊಳಗಿದೆ.

ನಿಲುಗಡೆಗಳ ನಕ್ಷೆ

‘ಕುರುಕ್ಷೇತ್ರ’ದಿಂದಲೇ ಶುರುಮಾಡೋಣ. ಮಂಡ್ಯ, ಮದ್ದೂರು, ಮಳವಳ್ಳಿ ಕಡೆಯ ಹಳ್ಳಿಗಳಲ್ಲಿ ಪೌರಾಣಿಕ ನಾಟಕಕ್ಕೆ ಈಗಲೂ ಇರುವ ಮೋಹ ದೊಡ್ಡದು. ರೈತರು, ಮೇಷ್ಟ್ರುಗಳು, ಡ್ರೈವರುಗಳು, ಅಂಗಡಿಯವರು ತಮ್ಮ ಕೈಯಿಂದಲೇ ದುಡ್ಡು ಹಾಕಿ ಪಾತ್ರ ಮಾಡುತ್ತಾರೆ. ಸೀನರಿ, ಡ್ರೆಸ್ಸು, ಲೈಟು ಬಾಡಿಗೆಗೆ ಬರುತ್ತವೆ. ಸ್ಟೇಜಿನ ಮುಂದೊಂದು ಬದಿಗೆ ಹಾರ್ಮೋನಿಯಂ ಮೇಷ್ಟ್ರು, ಜೊತೆಗೆ ತಬಲದವರು. ಫೋಟೋ ತೆಗೆಯುವವರಿಗೆ ಈ ನಾಟಕದ ಕಟ್ಟಿನಲ್ಲೇ ಎರಡು ವರಗಳಿವೆ. ಒಂದು, ಮೈಕು. ನಿಲ್ಲಿಸಿದ್ದೋ ಇಳಿಬಿಟ್ಟದ್ದೋ, ಅದು ಇರುವ ಜಾಗ ಬದಲಾಗುವುದಿಲ್ಲ. ಪದ ಹೇಳುವವನು ಅದರ ಮುಂದಕ್ಕೇ ಬರಬೇಕು. ಅಂದರೆ ಫೋಕಸ್ ಎಲ್ಲಿ ಹಿಡಿಯಬೇಕು, ಮುಖದ ಮೇಲೆ ಬೆಳಕೆಷ್ಟು ಬೀಳುತ್ತದೆ ಎರಡನ್ನೂ ಮೊದಲ ದೃಶ್ಯದಲ್ಲೇ ಗೊತ್ತುಮಾಡಿಕೊಂಡುಬಿಡಬಹುದು. ಇನ್ನೊಂದು, ಆಲಾಪ. ಮಾತಿನ ಭಾಗದಲ್ಲಿ ಪಾತ್ರಧಾರಿ ಅತ್ತಿತ್ತ ಓಡಾಡುತ್ತಾನೆ, ಗದೆ ತಿರುಗಿಸುತ್ತಾನೆ. ಕಂದವೋ ವೃತ್ತವೋ ಹಿಡಿದು ಕೊನೆಯ ಸಾಲಿನಲ್ಲಿ ಸ್ವರ ಏರಿಸಿ ಎಳೆಯತೊಡಗಿದನೆಂದರೆ ಮೈ ತಾನಾಗಿ ನಿಲ್ಲುತ್ತದೆ. ಬಲಗೈ ಮೇಲಕ್ಕೆ, ಗಲ್ಲ ಎತ್ತಿ, ಕಣ್ಣು ಜನರಾಚೆಗೆ. ಉಸಿರು ಹಿಡಿದು ಎಳೆಯುವ ಆ ಹೊತ್ತು ಹಲವು ಸೆಕೆಂಡುಗಳದ್ದು. ಕಿಟ್ ಲೆನ್ಸಿನ 1/60 ಅಲ್ಲಿ ಬೇಕಾದಷ್ಟಾಯಿತು. ದುರ್ಯೋಧನನ ಠೀವಿ, ಭೀಮನ ರೋಷ ಮುಖದಲ್ಲಿ ತುಂಬಿ ನಿಲ್ಲುವುದೂ ಆ ಕ್ಷಣದಲ್ಲೇ. ಒಂದೇ ಒಂದು ಎಚ್ಚರ ಬೇಕು: ಸ್ವರ ತುತ್ತತುದಿ ಮುಟ್ಟಿದಾಗ ಬಾಯಿ ಪೂರಾ ತೆರೆದು ಮುಖ ವಿಕಾರವಾಗಿ ಕಾಣಬಹುದು. ಸ್ವರ ಇಳಿಸಿ ತುಟಿ ಕೂಡಿಸುವಾಗ, ತಬಲದವರು ಮುಕ್ತಾಯ ಹಿಡಿದಿರುವಾಗ ಒತ್ತಬೇಕು. ಮುಕ್ತಾಯದ ಪೆಟ್ಟು ಯಾವುದೆಂದು ಕಿವಿಗೆ ಗೊತ್ತಿಲ್ಲದಿದ್ದರೆ ಬೆರಳು ಯಾವಾಗಲೂ ತಡವೇ.

ಕುಣಿತಗಳಲ್ಲಿ ಹೀಗೆ ಮೈಕಿನ ಮುಂದೆ ನಿಲ್ಲುವ ಪದ್ಧತಿ ಇಲ್ಲ, ಹಾಗಾಗಿ ಅಲ್ಲಿ ಇದು ನಡೆಯದು ಅನ್ನಿಸಬಹುದು. ಆದರೆ ಪ್ರತಿ ಕುಣಿತದಲ್ಲೂ ಅದರದ್ದೇ ನಿಲುಗಡೆಗಳಿವೆ. ವೀರಗಾಸೆಯಲ್ಲಿ ಒಡಪು ಹೇಳುವಾಗ ಕುಣಿತ ನಿಲ್ಲುತ್ತದೆ, ಕತ್ತಿ ಎತ್ತಿದಲ್ಲೇ ಇರುತ್ತದೆ. ಒಡಪಿನ ಕೊನೆಯ ಮಾತು ಬಿದ್ದ ಮರುಕ್ಷಣ ವಾದ್ಯ ಮೊರೆಯುತ್ತದೆ. ಪೂಜಾ ಕುಣಿತದಲ್ಲಿ ದೇವಿಯ ಮುಖವಾಡ ಕಟ್ಟಿ ಸೀರೆಗಳಿಂದ ಸಿಂಗರಿಸಿದ ಆಳೆತ್ತರದ ಬಿದಿರಿನ ಚೌಕಟ್ಟನ್ನು ಕೈ ಮುಟ್ಟಿಸದೆ ತಲೆಯ ಮೇಲೆ ಹೊತ್ತು ಕುಣಿಯುತ್ತಾರೆ. ತಮಟೆಯ ಗತ್ತು ಏರುತ್ತಿರುವಾಗ ಸೀರೆಯ ನೆರಿಗೆಗಳೆಲ್ಲ ಹಾರಾಡುತ್ತಿದ್ದರೂ, ಬಗ್ಗಿ ನೆಲದ ಮೇಲಿನ ನೋಟು ಎತ್ತುವಂಥ ಕಸರತ್ತಿಗೆ ಇಳಿದಾಗ ಕಲಾವಿದನ ಕುತ್ತಿಗೆ, ಭುಜ, ಕಣ್ಣು ಎಲ್ಲವೂ ಸಮತೋಲಕ್ಕೆ ಬಿಗಿದು ನಿಶ್ಚಲವಾಗುತ್ತವೆ. ಪಟ ಕುಣಿತದಲ್ಲಿ ಉದ್ದನೆಯ ಬಿದಿರು ಗಳುವನ್ನು ಎತ್ತಿ ನಿಲ್ಲಿಸುವ ಗಳಿಗೆಯೂ ಹಾಗೆಯೇ. ಸೋಮನ ಕುಣಿತದಲ್ಲಂತೂ ಮುಖವಾಡ ಕಣ್ಣು ಪಿಳುಕಿಸುವುದಿಲ್ಲ, ತುಟಿ ಅಲುಗಿಸುವುದಿಲ್ಲ; ಮೈಯ ಚಲನೆಯೊಂದನ್ನು ಲೆಕ್ಕಕ್ಕಿಟ್ಟುಕೊಂಡರಾಯಿತು.

ನಿಲ್ಲದೆ ನೆಗೆಯುವ ಕುಣಿತದಲ್ಲೂ ಭೌತಶಾಸ್ತ್ರ ಒಂದು ಬಿಡುವು ಕೊಟ್ಟಿದೆ. ಮೇಲಕ್ಕೆ ಹಾರಿದ ದೇಹ ತುದಿ ಮುಟ್ಟಿ ಇಳಿಯತೊಡಗುವ ಮುನ್ನ ಅದರ ಮೇಲ್ಮುಖ ವೇಗ ಸೊನ್ನೆಯಾಗುತ್ತದೆ. ಆ ತುದಿಯ ಆಚೀಚೆಗಿನ ಒಟ್ಟು 1/10 ಸೆಕೆಂಡಿನಲ್ಲಿ ದೇಹ ಮೇಲೆ ಕೆಳಗೆ ಸರಿಯುವುದು ಒಂದು ಸೆಂಟಿಮೀಟರಿಗಿಂತ ಸ್ವಲ್ಪ ಹೆಚ್ಚು ಅಷ್ಟೇ. 40 ಸೆಂಟಿಮೀಟರ್ ಎತ್ತರ ನೆಗೆದವನು ನೆಲ ಮುಟ್ಟುವ ಮುನ್ನಿನ ಕೊನೆಯ 1/10 ಸೆಕೆಂಡಿನಲ್ಲಿ 20 ಸೆಂಟಿಮೀಟರಿಗಿಂತ ಹೆಚ್ಚು ಇಳಿದಿರುತ್ತಾನೆ. ಒಂದೇ ಕುಣಿತ, ಒಂದೇ ಬೆಳಕು, ಒಂದೇ ಶಟರ್ ವೇಗ; ಒತ್ತಿದ ಕ್ಷಣದ ಮೇಲೆ ಚಿತ್ರ ಇಪ್ಪತ್ತು ಪಟ್ಟು ವ್ಯತ್ಯಾಸವಾಗುತ್ತದೆ. ಇಷ್ಟು ವ್ಯತ್ಯಾಸ ತರುವ ಲೆನ್ಸ್ ಯಾವ ಅಂಗಡಿಯಲ್ಲೂ ಇಲ್ಲ. ಆದರೆ ಇನ್ನೊಂದು ಲೆಕ್ಕವೂ ಇದೆ. ಕಂಡದ್ದಕ್ಕೆ ಮನುಷ್ಯನ ಬೆರಳು ಪ್ರತಿಕ್ರಿಯಿಸಲು ಸುಮಾರು 1/5 ಸೆಕೆಂಡ್ ಹಿಡಿಯುತ್ತದೆ. ತುದಿಯನ್ನು ಕಂಡು ಒತ್ತಿದರೆ ಸಿಗುವುದು ನೆಲಕ್ಕೆ ಬೀಳುತ್ತಿರುವ ದೇಹ. ಕಾಣುವ ಮೊದಲೇ ಒತ್ತಬೇಕು, ಅಂದರೆ ಮುಂದಿನ ಪೆಟ್ಟು ಯಾವಾಗ ಬೀಳುತ್ತದೆಂದು ಮೊದಲೇ ತಿಳಿದಿರಬೇಕು. ತಾಳದ ಅರಿವು ಎಂದದ್ದು ಇದನ್ನೇ.

ಇದೇ ತಿಳಿವಳಿಕೆ ಮಂದ ಬೆಳಕಿನ ಕಥನಗಳಲ್ಲಿ ಇನ್ನೊಂದು ರೂಪ ತಾಳುತ್ತದೆ. ಮಳವಳ್ಳಿ ತಾಲ್ಲೂಕಿನ ಬೊಪ್ಪೇಗೌಡನಪುರ ಮಂಟೇಸ್ವಾಮಿ ಪರಂಪರೆಯ ದೊಡ್ಡ ಮಠವಿರುವ ಊರು. ಆ ಪರಂಪರೆಯ ನೀಲಗಾರರು ತಂಬೂರಿ ಹಿಡಿದು ರಾತ್ರಿಯಿಡೀ ಮಂಟೇಸ್ವಾಮಿ ಕಾವ್ಯ ಹಾಡುತ್ತಾರೆ. ಅಲ್ಲಿ ನೆಗೆತವಿಲ್ಲ, ಬೆರಳು ತಂತಿಯ ಮೇಲೆ ಆಡುತ್ತಿದ್ದರೂ ಮುಖ ಬಹಳ ಹೊತ್ತು ಒಂದೆಡೆ ಇರುತ್ತದೆ. ಸೊಲ್ಲು ಹಿಮ್ಮೇಳದವರ ಬಾಯಿಗೆ ದಾಟಿದಾಗ ಮುಖ್ಯ ಹಾಡುಗಾರ ಕಣ್ಣು ಮುಚ್ಚಿಯೋ ತಲೆ ಬಾಗಿಸಿಯೋ ಮುಂದಿನ ಕತೆಗೆ ಉಸಿರು ತೆಗೆದುಕೊಳ್ಳುತ್ತಾನೆ. ಅಲ್ಲಿ 1/15 ಸೆಕೆಂಡ್ ಕೂಡ ನಡೆಯುತ್ತದೆ. ಕುರುಕ್ಷೇತ್ರದ ಸ್ಟೇಜಿಗಿಂತ ಹತ್ತು ಪಟ್ಟು ಕತ್ತಲಿರುವ ಜಗಲಿಯಲ್ಲಿ ಕುರುಕ್ಷೇತ್ರಕ್ಕಿಂತ ಸ್ಪಷ್ಟವಾದ ಚಿತ್ರ ಸಿಗುವುದಾದರೆ, ಬೆಳಕೇ ಸರ್ವಸ್ವ ಎನ್ನುವ ಮಾತು ನಿಲ್ಲುವುದಿಲ್ಲ.

ಬೆಳಕಿಗೂ ಒಂದು ನಡೆ

ಹಾಗೆಂದು ಬೆಳಕಿನ ಗುಣ ಲೆಕ್ಕಕ್ಕಿಲ್ಲ ಎಂದಲ್ಲ. ಅದೂ ಕಲೆಯ ಭಾಗವೇ. ಇದೇ ಮಳವಳ್ಳಿ ತಾಲ್ಲೂಕಿನ ಶಿವನಸಮುದ್ರದಿಂದ 1902ರಲ್ಲಿ ಕೋಲಾರದ ಚಿನ್ನದ ಗಣಿಗಳಿಗೆ ವಿದ್ಯುತ್ ಹರಿಯಿತು, 1905ರಲ್ಲಿ ಬೆಂಗಳೂರಿನ ಬೀದಿಗಳು ಬೆಳಗಿದವು. ಸುತ್ತಲ ಹಳ್ಳಿಗಳ ಹಬ್ಬಗಳು ಮಾತ್ರ ಅದಾದ ಮೇಲೂ ಬಹುಕಾಲ ಪಂಜು, ದೀವಟಿಗೆ, ಗ್ಯಾಸ್‌ಲೈಟುಗಳಲ್ಲೇ ನಡೆದವು. ಮುಖವಾಡದ ಗಾಢ ಬಣ್ಣ, ಕಿರೀಟದ ಗಾಜಿನ ಹರಳು, ಕೆನ್ನೆಯ ಢಾಳಾದ ಕೆಂಪು ಎಲ್ಲವೂ ಆ ಬೆಳಕಿನಲ್ಲಿ ದೂರದವರಿಗೂ ಕಾಣುವಂತೆ ರೂಢಿಗೊಂಡವು ಎಂದುಕೊಳ್ಳಲು ಕಾರಣವಿದೆ. ಪಂಜಿನ ಜ್ವಾಲೆಯ ಬಣ್ಣದ ತಾಪ ಸುಮಾರು 1,900 ಕೆಲ್ವಿನ್, ಹ್ಯಾಲೋಜನ್ ದೀಪದ್ದು 3,000ದ ಆಸುಪಾಸು, ಬಿಳಿ ಎಲ್‌ಇಡಿಯದು 6,000ಕ್ಕೂ ಮೇಲೆ ಹೋಗಬಹುದು. ಕ್ಯಾಮೆರಾವನ್ನು ಆಟೋ ವೈಟ್ ಬ್ಯಾಲೆನ್ಸಿಗೆ ಬಿಟ್ಟರೆ ಅದು ಪಂಜಿನ ಕೆಂಬಣ್ಣವನ್ನು ದೋಷವೆಂದು ಬಗೆದು ತೊಳೆದುಬಿಡಲು ನೋಡುತ್ತದೆ. ಕೊಂಡದ ಕೆಂಡ ಕೆಂಪಗೇ ಇರಬೇಕಾದರೆ ಆ ಆಯ್ಕೆಯನ್ನು ನಾವು ಕೈಗೆ ತೆಗೆದುಕೊಳ್ಳಬೇಕು. ಕ್ಯಾಮೆರಾದೊಳಗೆ ಬೆಳಕು ಅಳೆಯುವ ಮೀಟರಿನ ವಿಷಯವೂ ಹಾಗೆಯೇ. ಎದುರಿಗಿರುವುದೆಲ್ಲ ಸರಾಸರಿ ಬೂದು ಬಣ್ಣದ್ದೆಂದು ನಂಬುವ ಯಂತ್ರ ಅದು. ಫಾಲ್ಗುಣದ ರಾತ್ರಿ ಮೇಲುಕೋಟೆಯ ಬೀದಿಯಲ್ಲಿ ಗರುಡನ ಮೇಲೆ ಚೆಲುವನಾರಾಯಣಸ್ವಾಮಿ ಬರುತ್ತಿರುವಾಗ ಚೌಕಟ್ಟಿನ ಮುಕ್ಕಾಲು ಭಾಗ ಕತ್ತಲು. ಮೀಟರು ಆ ಕತ್ತಲನ್ನು ಬೂದು ಮಾಡಲು ಹೋಗಿ, ಮಂಡ್ಯದ ಖಜಾನೆಯಿಂದ ಬಿಗಿ ಕಾವಲಿನಲ್ಲಿ ಬಂದ ವೈರಮುಡಿಯನ್ನೇ ವಿವರವಿಲ್ಲದ ಬಿಳಿ ಮಚ್ಚೆ ಮಾಡಿಬಿಡುತ್ತದೆ. ಹಗಲು ಬೆಳಕಿಗೆ ತೆರೆಯಬಾರದೆಂಬ ನಂಬಿಕೆಯಿರುವ ಕಿರೀಟ ಅದು. ಅದರ ಚಿತ್ರದಲ್ಲಿ ಕತ್ತಲು ಕತ್ತಲಾಗಿಯೇ ಉಳಿಯಬೇಕು. ಎಕ್ಸ್‌ಪೋಷರನ್ನು ಒಂದೆರಡು ಸ್ಟಾಪ್, ಅಂದರೆ ಅರ್ಧಕ್ಕೋ ಕಾಲು ಭಾಗಕ್ಕೋ, ತಗ್ಗಿಸಿದರೆ ಮುಡಿಯೂ ಉಳಿಯುತ್ತದೆ, ಶಟರಿಗೆ ಅಷ್ಟೇ ವೇಗವೂ ದಕ್ಕುತ್ತದೆ. ಕತ್ತಲನ್ನು ಕತ್ತಲಾಗಿ ಒಪ್ಪಿಕೊಂಡದ್ದಕ್ಕೆ ಸಿಗುವ ಬಹುಮಾನ ಇದು.

ಎಲ್‌ಇಡಿ ಬಂದಮೇಲೆ ಕೆಲಸ ಸುಲಭವಾಯಿತೇ? ಅದೂ ಪೂರ್ತಿ ಇಲ್ಲ. ನಮ್ಮ ಕರೆಂಟು 50 ಹರ್ಟ್ಸಿನದು. ಅಗ್ಗದ ಎಲ್‌ಇಡಿ ದೀಪಗಳು ಅದಕ್ಕೆ ತಕ್ಕಂತೆ ಸೆಕೆಂಡಿಗೆ 100 ಬಾರಿ ಮಿನುಗುತ್ತವೆ. ಕಣ್ಣಿಗೆ ಕಾಣದ ಈ ಮಿನುಗು 1/250, 1/500ರಂಥ ವೇಗದಲ್ಲಿ, ಅದರಲ್ಲೂ ಸದ್ದಿಲ್ಲದ ಎಲೆಕ್ಟ್ರಾನಿಕ್ ಶಟರಿನಲ್ಲಿ, ಚಿತ್ರದ ತುಂಬ ಅಡ್ಡಪಟ್ಟೆಗಳಾಗಿ ಮೂಡುತ್ತದೆ. 1/100 ಅಥವಾ 1/50ಕ್ಕೆ ಇಳಿಸಿದರೆ ಪಟ್ಟೆ ಮಾಯ. ಅಂದರೆ ಬೆಳಕು ಧಾರಾಳವಿದ್ದಾಗಲೂ ನಿಧಾನಕ್ಕೆ ಇಳಿಯಲೇಬೇಕಾದ ಸಂದರ್ಭಗಳಿವೆ, ಮತ್ತೆ ಕಲಾವಿದನ ನಿಲುಗಡೆಯನ್ನೇ ಕಾಯಬೇಕು. ಬಣ್ಣದ ಲೈಟುಗಳದ್ದು ಬೇರೆ ತಾಪತ್ರಯ. ಅಪ್ಪಟ ಕೆಂಪೋ ನೀಲಿಯೋ ಮುಖದ ಮೇಲೆ ಬಿದ್ದಾಗ ಸೆನ್ಸರಿನ ಒಂದು ಬಣ್ಣವಷ್ಟೇ ತುಂಬಿ ತುಳುಕಿ ಕಣ್ಣು ಮೂಗಿನ ವಿವರ ಅಳಿಸಿಹೋಗುತ್ತದೆ. ದೃಶ್ಯ ಬದಲಾಗುವಾಗ ಲೈಟಿನವರು ಬಿಳಿಗೆ ಬರುವುದು ಯಾವಾಗ ಎಂದು ಗಮನಿಸಿಟ್ಟುಕೊಂಡವರಿಗೆ ಇದು ತೊಡಕಲ್ಲ.

ಫ್ಲ್ಯಾಶ್, ಮೊಬೈಲು, ಬರ್ಸ್ಟ್

ಇಷ್ಟೆಲ್ಲ ತಲೆನೋವು ಯಾಕೆ, ಫ್ಲ್ಯಾಶ್ ಹೊಡೆದರೆ ಆಯಿತಲ್ಲ ಎನ್ನುವುದು ಮೊದಲ ಆಕ್ಷೇಪ. ಫ್ಲ್ಯಾಶಿನ ಮಿಂಚು 1/1000 ಸೆಕೆಂಡಿನಷ್ಟೋ ಅದಕ್ಕಿಂತ ಕಡಿಮೆಯೋ ಇರುವುದರಿಂದ ಯಾವ ನೆಗೆತವನ್ನಾದರೂ ಹಿಡಿದು ನಿಲ್ಲಿಸುತ್ತದೆ, ಅನುಮಾನವಿಲ್ಲ. ಆದರೆ ಅದರ ಬೆಳಕು ದೂರದ ವರ್ಗಕ್ಕೆ ತಕ್ಕಂತೆ ಕುಗ್ಗುತ್ತದೆ. ಮೂರು ಮೀಟರಿನಲ್ಲಿ ಬೀಳುವ ಬೆಳಕಿನ 16ರಲ್ಲಿ ಒಂದು ಪಾಲು ಮಾತ್ರ 12 ಮೀಟರನ್ನು ಮುಟ್ಟುತ್ತದೆ. ಹೀಗಾಗಿ ಮುಂದಿನ ಸಾಲಿನವರ ತಲೆಗಳು ಬೆಳ್ಳಗೆ, ಸ್ಟೇಜಿನ ಮೇಲಿನ ಪಾತ್ರ ಮಬ್ಬು. ಹತ್ತಿರ ಹೋಗಿ ಹೊಡೆದರೂ ಕಿರೀಟ, ಭುಜಕೀರ್ತಿಗಳ ಒಂದೊಂದು ಹರಳೂ ಬಿಳಿ ಚುಕ್ಕೆಯಾಗಿ ಸಿಡಿಯುತ್ತದೆ, ಹಿಂದಿನ ದರ್ಬಾರ್ ಸೀನಿನ ಮೇಲೆ ದುರ್ಯೋಧನನ ಕಪ್ಪು ನೆರಳು ಅಂಟಿಕೊಳ್ಳುತ್ತದೆ. ಕೊಂಡದ ಬಳಿ ಎದ್ದ ಬೂದಿ, ಧೂಳು, ಹೊಗೆಯ ಕಣಗಳೆಲ್ಲ ಮಿಂಚನ್ನು ಹಿಂದಕ್ಕೆ ಎಸೆದು ಚಿತ್ರದ ತುಂಬ ಬಿಳಿ ಗುಳ್ಳೆಗಳೇಳುತ್ತವೆ. ಚಿತ್ರಕ್ಕಿಂತ ದೊಡ್ಡದು ಮನುಷ್ಯರ ಮಾತು. ಕೆಂಡದ ಮೇಲೆ ಹೆಜ್ಜೆ ಇಡುತ್ತಿರುವವನ ಕಣ್ಣಿಗೆ, ತಲೆಯ ಮೇಲೆ ಪೂಜೆ ಹೊತ್ತು ಕುಣಿಯುವವನ ಕಣ್ಣಿಗೆ ಎದುರಿನಿಂದ ಬೆಳಕು ರಾಚಿದರೆ ಒಂದು ಕ್ಷಣ ನೆಲವೇ ಕಾಣದು. ಅಂಥ ಕಡೆ ಫ್ಲ್ಯಾಶ್ ಬೇಡವೆನ್ನುವುದಕ್ಕೆ ಸೌಂದರ್ಯದ ಕಾರಣಕ್ಕಿಂತ ಸುರಕ್ಷತೆಯ ಕಾರಣವೇ ಸಾಕು.

ಇದಕ್ಕೆ ಹಳ್ಳಿಯ ಸ್ಟುಡಿಯೋದವರು ಕೊಡುವ ಎದುರು ಮಾತು ತೂಕದ್ದು. ಪಾತ್ರಧಾರಿ ಸ್ವಂತ ದುಡ್ಡು ಹಾಕಿ, ತಿಂಗಳುಗಟ್ಟಲೆ ಪದ ಕಲಿತು, ಒಂದು ರಾತ್ರಿ ಕೃಷ್ಣನಾಗುತ್ತಾನೆ. ನೆಂಟರಿಷ್ಟರು ಸ್ಟೇಜಿಗೇ ಬಂದು ಹಾರ ಹಾಕುತ್ತಾರೆ. ಅವನಿಗೆ ಗೋಡೆಗೆ ಹಾಕಲು ಬೇಕಾದದ್ದು ಮುಖ ಬೆಳ್ಳಗೆ ಕಾಣುವ ಪಟ. ನೆರಳು ಬೆಳಕಿನ ಚೆಲುವು ಯಾರಿಗೆ ಬೇಕು? ಬೇಡಿಕೆ ನ್ಯಾಯವಾದದ್ದೇ. ಹಾರ ಹಾಕುವ ಹೊತ್ತಿಗೆ, ಮೇಕಪ್ಪು ಮುಗಿದು ಸ್ಟೇಜು ಹತ್ತುವ ಮುನ್ನ ಬಣ್ಣದ ಮನೆಯಲ್ಲಿ, ಫ್ಲ್ಯಾಶನ್ನು ಬಿಳಿ ಗೋಡೆಗೋ ಬಟ್ಟೆಗೋ ತಿರುಗಿಸಿ ಆ ಪಟ ತೆಗೆದುಕೊಡಬಹುದು. ಅಲ್ಲಿ ಅವನು ನಿಂತು ಪೋಸು ಕೊಡುತ್ತಾನೆ, ನಾಟಕಕ್ಕೂ ಭಂಗವಿಲ್ಲ. ಪಾತ್ರಧಾರಿಯ ಪಟ ಒಂದು ಕೆಲಸ, ಪಾತ್ರದ ಚಿತ್ರ ಇನ್ನೊಂದು. ಎರಡನ್ನೂ ಒಂದೇ ಮಿಂಚಿನಲ್ಲಿ ಮುಗಿಸಹೊರಟಾಗ ಎರಡೂ ಕೆಡುತ್ತವೆ.

ಎರಡನೆಯ ಆಕ್ಷೇಪ ಮೊಬೈಲಿನವರದ್ದು. 2018ರಲ್ಲಿ ಗೂಗಲಿನ ಪಿಕ್ಸೆಲ್, ಮರುವರ್ಷ ಐಫೋನ್ 11 ನೈಟ್ ಮೋಡ್ ತಂದವು. ಈಗ ಸಾಧಾರಣ ಬೆಲೆಯ ಫೋನುಗಳಲ್ಲೂ ಅದಿದೆ. ಹಾಗಿದ್ದ ಮೇಲೆ ಕತ್ತಲಿನ ಚಿಂತೆ ಯಾಕೆ? ನೈಟ್ ಮೋಡ್ ಮಾಡುವುದು ಒಂದೆರಡು ಸೆಕೆಂಡುಗಳಲ್ಲಿ ಹಲವು ಚಿತ್ರ ತೆಗೆದು ಒಂದರ ಮೇಲೊಂದು ಕೂಡಿಸುವ ಕೆಲಸ. ಬೆಳಗಿದ ಗೋಪುರಕ್ಕೆ, ದೀಪ ಹಾಕಿದ ಗಗನಚುಕ್ಕಿ ಜಲಪಾತದ ಬಂಡೆಗಳಿಗೆ ಅದು ಬಲು ಚೆನ್ನ. ಕುಣಿಯುವವನ ಮಟ್ಟಿಗೆ ಹೇಳುವುದಾದರೆ, ಆ ಎರಡು ಸೆಕೆಂಡಿನಲ್ಲಿ ಅವನು ನಾಲ್ಕು ಹೆಜ್ಜೆ ಹಾಕಿರುತ್ತಾನೆ. ಫೋನು ಅವನನ್ನು ಒಂದೋ ಕಲಸಿಬಿಡುತ್ತದೆ, ಇಲ್ಲವೇ ಯಾವುದೋ ಒಂದೇ ಚಿತ್ರದಿಂದ ಅವನನ್ನು ಎತ್ತಿಕೊಂಡು ಮುಖದ ಕಾಳನ್ನೆಲ್ಲ ಮೇಣದಂತೆ ಸವರಿಡುತ್ತದೆ. ಆಲಾಪದ ನಿಲುಗಡೆಯಲ್ಲಿ ಅದೇ ಫೋನು ಕಣ್ಣಿಗೆ ಒತ್ತಿಕೊಳ್ಳುವಂಥ ಚಿತ್ರ ಕೊಡುತ್ತದೆ ಎನ್ನುವುದೇ ಇಲ್ಲಿನ ವಾದಕ್ಕೆ ಪುಷ್ಟಿ. ಆಮೇಲೆ ಕಾಳು ಅಳಿಸುವ ಕೃತಕ ಬುದ್ಧಿಮತ್ತೆಯ ತಂತ್ರಾಂಶಗಳೂ ಅಷ್ಟೇ. ಕಾಳನ್ನು ಅಳಿಸಬಲ್ಲವು, ಸರಿದುಹೋದ ಕೈಯನ್ನು ಊಹಿಸಬಲ್ಲವು. ಆದರೆ ಊಹಿಸಿ ಬರೆದ ಕೈ ಆ ರಾತ್ರಿ ಆ ಕಲಾವಿದ ಎತ್ತಿದ ಕೈ ಆಗಲಾರದು.

ಮೂರನೆಯ ಆಕ್ಷೇಪ ಇನ್ನೂ ಚುರುಕು. ಹೊಸ ಕ್ಯಾಮೆರಾಗಳು ಸೆಕೆಂಡಿಗೆ 20 ಚಿತ್ರ ಹೊಡೆಯುತ್ತವೆ. ಗುಂಡಿ ಒತ್ತಿ ಹಿಡಿದರೆ ನೆಗೆತದ ತುದಿ ಎಲ್ಲಿ ತಪ್ಪಿಸಿಕೊಂಡೀತು? ಹೀಗೆ ಸಾಲಾಗಿ ಹೊಡೆಯುವ ಬರ್ಸ್ಟಿನಿಂದ ಪ್ರಯೋಜನವಿದೆ, ಒಪ್ಪೋಣ. ಆದರೆ ಚಿತ್ರಗಳ ಸಂಖ್ಯೆ ಹೆಚ್ಚಾದ ಮಾತ್ರಕ್ಕೆ ಒಂದೊಂದರ ಶಟರ್ ವೇಗವೇನೂ ಹೆಚ್ಚುವುದಿಲ್ಲ. ಮೈ ಪೂರಾ ಚಲನೆಯಲ್ಲಿರುವಾಗ 1/60ರಲ್ಲಿ ತೆಗೆದ 20 ಚಿತ್ರಗಳೂ 20 ಮಸುಕುಗಳೇ. ತುದಿಯ ಆ ಒಂದು ಚಿತ್ರ ಸಿಕ್ಕರೂ, ಅದು ಸರಿಯಾದ ಕಡೆಯಿಂದ, ಸರಿಯಾದ ಫೋಕಸಿನಲ್ಲಿ, ತಮಟೆಯವನ ಬೆನ್ನು ಅಡ್ಡ ಬರದಂತೆ ಸಿಗಬೇಕಾದರೆ ಮುಂದೇನು ನಡೆಯುತ್ತದೆಂದು ತಿಳಿದೇ ನಿಂತಿರಬೇಕು. ವಿಡಿಯೊ ಮಾಡಿ ಅದರಿಂದ ಫ್ರೇಮ್ ಕೀಳುವೆನೆಂದರೂ ವಿಡಿಯೊದ ಸಾಮಾನ್ಯ ಶಟರ್ ವೇಗ 1/50ರಷ್ಟೇ. ಸುತ್ತಿ ಬಳಸಿ ಅದೇ ನಿಲುಗಡೆಗೆ ಬಂದು ನಿಲ್ಲುತ್ತೇವೆ.

ಕೊನೆಯದು ಜಾನಪದ ದಾಖಲಾತಿಯವರ ಆಕ್ಷೇಪ. ನಾಗಮಂಗಲ ತಾಲ್ಲೂಕಿನ ಹೆರಗನಹಳ್ಳಿಯ ಎಚ್.ಎಲ್. ನಾಗೇಗೌಡರು ರಾಮನಗರದ ಬಳಿ ಜಾನಪದ ಲೋಕವನ್ನು ಕಟ್ಟಿದ್ದು ಈ ಕಲೆಗಳ ವಿವರ ಮುಂದಿನವರಿಗೆ ಉಳಿಯಲೆಂದು. ವೇಷದ ಗಂಟು, ಗೆಜ್ಜೆಯ ಕಟ್ಟು, ವಾದ್ಯದ ಹಿಡಿತ ಎಲ್ಲವೂ ನಿಚ್ಚಳ ಕಾಣಬೇಕು. ಕತ್ತಲು ತುಂಬಿದ ಚಿತ್ರ ದಾಖಲೆಯಾಗದು ಎಂದು ಅವರ ಹಾದಿಯಲ್ಲಿ ನಡೆಯುವವರು ಹೇಳಬಹುದು. ವೇಷದ ದಾಖಲೆ ಹಗಲಿನಲ್ಲಿ, ನಿಲ್ಲಿಸಿ ತೆಗೆದರೇ ಚೆನ್ನ. ಅದಕ್ಕೆ ರಾತ್ರಿ ಬೇಕಾಗಿಲ್ಲ. ರಾತ್ರಿಯಲ್ಲಿ ದಾಖಲಾಗಬೇಕಾದದ್ದು ಪ್ರದರ್ಶನ. ಜನ ಎಷ್ಟು ಹತ್ತಿರ ನಿಂತಿದ್ದರು, ಪಂಜು ಯಾವ ಕೈಯಲ್ಲಿತ್ತು, ಬೆಳಕು ಯಾರ ಮೇಲೆ ಬಿದ್ದು ಯಾರನ್ನು ಬಿಟ್ಟಿತು ಎಂಬುದೂ ಆ ಕಲೆಯ ಮಾಹಿತಿಯೇ. ಫ್ಲ್ಯಾಶಿನಲ್ಲಿ ಸಮನಾಗಿ ಬೆಳಗಿದ ಚಿತ್ರ ಗೆಜ್ಜೆಯನ್ನು ಉಳಿಸಿ ಇದನ್ನೆಲ್ಲ ಅಳಿಸುತ್ತದೆ. ಮಸುಕು ಕೂಡ ಎಲ್ಲ ಕಡೆ ದೋಷವಲ್ಲ. ಪೂಜಾ ಕುಣಿತದವನ ಮುಖ ಸ್ಥಿರವಾಗಿದ್ದು ಸೀರೆಯ ಅಂಚು ಮಾತ್ರ ಸುಳಿಯಾಗಿ ಹರಡಿದ್ದರೆ, ಯಾವುದು ನಿಂತಿತ್ತು, ಯಾವುದು ಸುತ್ತುತ್ತಿತ್ತು ಎಂಬುದನ್ನು ಆ ಚಿತ್ರ ಸರಿಯಾಗಿಯೇ ಹೇಳಿದೆ. ಎಲ್ಲವೂ ಕಲಸಿಹೋದಾಗ ಮಾತ್ರ ಅದು ತಪ್ಪು, ಮತ್ತು ಆ ಗೆರೆಯನ್ನು ಎಲ್ಲಿ ಎಳೆಯಬೇಕೆಂಬುದು ಕುಣಿತ ತಿಳಿದವರಿಗೆ ಮಾತ್ರ ಗೊತ್ತಾಗುತ್ತದೆ.

ಈ ವಾದ ಒಪ್ಪುವುದಾದರೆ ಅದರಿಂದ ಹೊರಡುವ ಬುದ್ಧಿಮಾತು ಸರಳ. ಹೊಸ ಲೆನ್ಸಿಗೆ ಹಣ ಹೊಂದಿಸುವ ಮೊದಲು ನಾಟಕದ ತಾಲೀಮಿಗೆ ಹೋಗಿ ಕೂರಬೇಕು. ಮೇಷ್ಟ್ರು ತಿಂಗಳುಗಟ್ಟಲೆ ಪದ ತಿದ್ದುವ ಆ ಸಂಜೆಗಳಲ್ಲಿ ಯಾರು ಎಲ್ಲಿ ನಿಲ್ಲುತ್ತಾರೆ, ಯಾರ ಆಲಾಪ ಉದ್ದ, ಯಾರು ಮೈಕು ಬಿಟ್ಟು ಓಡುತ್ತಾರೆ ಎಲ್ಲ ಗೊತ್ತಾಗುತ್ತದೆ. ಕಾಸು ಖರ್ಚಿಲ್ಲ, ಯಾರೂ ಬೇಡವೆನ್ನುವುದೂ ಇಲ್ಲ. ಕುಣಿತಕ್ಕೆ ಹೋಗುವವರು ಮೊದಲ ಸುತ್ತಿನಲ್ಲಿ ಕ್ಯಾಮೆರಾ ಕೆಳಗಿಟ್ಟು ತಮಟೆ ಕೇಳಲಿ. ಹಾಗೆ ನೋಡಿದರೆ ಈ ಕೆಲಸಕ್ಕೆ ಎಲ್ಲರಿಗಿಂತ ಅರ್ಹರು ನಗರದಿಂದ ದೊಡ್ಡ ಬ್ಯಾಗು ಹೊತ್ತು ಬರುವವರಲ್ಲ, ಚಿಕ್ಕಂದಿನಿಂದ ಪದಗಳನ್ನು ಬಾಯಿಪಾಠ ಮಾಡಿಕೊಂಡಿರುವ ಮದ್ದೂರು, ಮಳವಳ್ಳಿಯ ಹುಡುಗ ಹುಡುಗಿಯರು. ಅವರಿಗಿಲ್ಲದ್ದು ಅಪರ್ಚರ್, ಐಎಸ್‌ಒ, ಶಟರಿನ ಪಾಠ ಮಾತ್ರ. ಅದನ್ನು ಒಂದು ವಾರಾಂತ್ಯದಲ್ಲಿ ಕಲಿಸಬಹುದು. ತಾಳವನ್ನು ಒಂದು ವಾರಾಂತ್ಯದಲ್ಲಿ ಕಲಿಸಲಾಗದು. ಜಾನಪದ ಅಕಾಡೆಮಿಯಾಗಲಿ, ಜಿಲ್ಲೆಯ ಸಂಘ ಸಂಸ್ಥೆಗಳಾಗಲಿ ಛಾಯಾಚಿತ್ರ ಶಿಬಿರ ನಡೆಸುವುದಾದರೆ ಕ್ಯಾಮೆರಾ ತಜ್ಞರ ಪಕ್ಕದಲ್ಲಿ ಒಬ್ಬ ತಮಟೆಯವರನ್ನೂ ಒಬ್ಬ ಹಾರ್ಮೋನಿಯಂ ಮೇಷ್ಟ್ರನ್ನೂ ಕೂರಿಸಲಿ. ಮೊದಲ ಪಾಠ ಅವರದ್ದೇ ಆಗಲಿ.